ದ್ರಾಕ್ಷಿ ತೋಟದ ಪಕ್ಕದ ಹೆಂಚಿನ ಮನೆ

ಜನವರಿಯಲ್ಲಿ ಎರಡು ರಾತ್ರಿ ನಂದಿ ಬೆಟ್ಟದ ಬುಡದಲ್ಲಿ ಒಂದು ಪುಟ್ಟ ಮನೆ ಬಾಡಿಗೆಗೆ ಹಿಡಿದಿದ್ದೆವು. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ಅಷ್ಟೇ. ಅಡುಗೆ ನಾವೇ ಮಾಡಿಕೊಳ್ಳಬೇಕು. ‘ಪಾತ್ರೆ, ಗ್ಯಾಸ್ ಎಲ್ಲಾ ಇದೆ’ ಅಂದಿದ್ದರು. ಇತ್ತು ನಿಜ, ಆದರೆ ಕುಕ್ಕರ್‌ಗೆ ಗ್ಯಾಸ್ಕೆಟ್ಟೇ ಇಲ್ಲ! ಅಮ್ಮನ ಮುಖ ನೋಡಬೇಕಿತ್ತು. ಪುಣ್ಯಕ್ಕೆ ಅವರೆಕಾಯಿ ಕಾಲ. ದಾರಿಯಲ್ಲಿ ಎರಡು ಕೆಜಿ ಸೊಗಡಿನ ಕಾಯಿ ತಂದಿದ್ದೆವು. ಜಗಲಿ ಮೇಲೆ ಕೂತು ಸುಲಿದು, ನೆನೆಸಿ, ಹಿತಕಿದೆವು. ಹಿತಕಿದ ಬೇಳೆಗೆ ಕುಕ್ಕರ್ ಯಾಕೆ, ಅಲ್ವಾ? ಬಿಸಿ ಮುದ್ದೆ ಜೊತೆ ಆ ಸಾರು, ಹೊರಗೆ ಮಂಜು. ಮಲ್ಲೇಶ್ವರದ ಫ್ಲ್ಯಾಟಲ್ಲಿ ಈ ರುಚಿ ಬರಲ್ಲ. ಸ್ನಾನಕ್ಕೆ ಹಂಡೆ ನೀರು ಧಾರಾಳ. ಹೊದಿಕೆ ಮಾತ್ರ ತೆಳು, ರಾತ್ರಿ ಚಳಿ ಜಾಸ್ತಿ. ಹೋಗೋರು ಕಂಬಳಿ, ಗ್ಯಾಸ್ಕೆಟ್ ಎರಡೂ ಒಯ್ಯಿರಿ.