ಮೀಡಿಯಾ ಡಿಸೈನ್ ಓದಲು ಹೊರಟವರೇ, ನಿಮ್ಮ ಪೋರ್ಟ್‌ಫೋಲಿಯೊ ಏಜೆಂಟ್ ಕೈಗೆ ಕೊಡಬೇಡಿ

ಮೈಸೂರು, ಮಂಡ್ಯ ಕಡೆಯಿಂದ ಮೀಡಿಯಾ ಡಿಸೈನ್‌ನಲ್ಲಿ (ಸದ್ದು, ಚಿತ್ರ, ಸ್ಕ್ರೀನ್, ಸೆನ್ಸರ್ ಬಳಸಿ ಮಾಡುವ ವಿನ್ಯಾಸ) ಮಾಸ್ಟರ್ಸ್ ಮಾಡಬೇಕು ಅಂತ ಓಡಾಡುತ್ತಿರುವವರು ದಯವಿಟ್ಟು ಪೂರ್ತಿ ಓದಿ. ವಿದೇಶಕ್ಕೆ ಓದಲು ಕಳಿಸುವ ಕನ್ಸಲ್ಟೆನ್ಸಿಗೆ ಇನ್ನೂ ದುಡ್ಡು ಕಟ್ಟಿಲ್ಲ ಅಂದ್ರೆ ಇವತ್ತೇ ಓದಿ. ನನ್ನದು ಒಂದು ವರ್ಷ ಹೋಯಿತು. ಅಪ್ಪನ ಕಬ್ಬಿನ ಬಿಲ್ಲಿನ ದುಡ್ಡಲ್ಲಿ 1 ಲಕ್ಷದ 40 ಸಾವಿರ ಹೋಯಿತು.

ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ಓದಿದ್ದು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್. ಕೊನೆ ವರ್ಷದಲ್ಲಿ ನಮ್ಮೂರ ಆಲೆಮನೆ ಮೇಲೆ ಒಂದು ಕೆಲಸ ಮಾಡಿದ್ದೆ. ಗಾಣಕ್ಕೆ ಕಬ್ಬು ಕೊಡುವ ಸದ್ದು, ಕೊಪ್ಪರಿಗೆಯಲ್ಲಿ ಪಾಕ ಕುದಿಯುವ ಸದ್ದು, ಬೆಲ್ಲ ಅಚ್ಚಿಗೆ ಹಾಕುವಾಗ ಆಳುಗಳು ಆಡುವ ಮಾತು, ಎಲ್ಲವನ್ನೂ ಮೊಬೈಲಲ್ಲೇ ರೆಕಾರ್ಡ್ ಮಾಡಿದ್ದೆ. ಮನೆಯ ಹಳೇ ತಾಮ್ರದ ಪಾತ್ರೆಯೊಂದಕ್ಕೆ ಆರ್ಡುಯಿನೊ ಅನ್ನೋ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು, ದೂರ ಅಳೆಯುವ ಸೆನ್ಸರ್ ಕೂರಿಸಿದೆ. ಕೈ ಹತ್ತಿರ ತಂದರೆ ಕುದಿಯುವ ಸದ್ದು ಜೋರಾಗುತ್ತೆ, ಹಿಂದಕ್ಕೆ ತೆಗೆದರೆ ಇಳಿಯುತ್ತೆ. ಅಜ್ಜಿ ಕಣ್ಣು ಮುಚ್ಚಿಕೊಂಡು ಅದರ ಮೇಲೆ ಕೈ ಆಡಿಸಿ, "ಇನ್ನೂ ಹದ ಬಂದಿಲ್ಲ ಕಣವ್ವ" ಅಂದಿದ್ದಳು. ಇದನ್ನೇ ಓದಬೇಕು ಅಂತ ನನಗೆ ಅನ್ನಿಸಿದ್ದು ಅವತ್ತು.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕ ಇಲ್ಲ ಅಂತ ಗೊತ್ತಿತ್ತು. ಉಳಿದದ್ದು ಏನೂ ಗೊತ್ತಿರಲಿಲ್ಲ. ಅಪ್ಪನ ಜೊತೆ ರೈಲು ಹತ್ತಿ ಮೈಸೂರಿಗೆ ಬಂದು ಒಂದು ಕನ್ಸಲ್ಟೆನ್ಸಿಗೆ ಹೋದೆವು. ಎಸಿ ರೂಮು, ಗೋಡೆ ತುಂಬಾ ವೀಸಾ ಹಿಡಿದುಕೊಂಡ ಹುಡುಗ ಹುಡುಗಿಯರ ಫೋಟೊ. "ನೀವೇನೂ ಟೆನ್ಷನ್ ಮಾಡ್ಕೋಬೇಡಿ ಯಜಮಾನ್ರೇ, ಮಗಳು ಫ್ಲೈಟ್ ಹತ್ತೋ ತನಕ ನಮ್ದೇ ಜವಾಬ್ದಾರಿ" ಅಂದರು. ಅಪ್ಪ ಅಲ್ಲೇ 40 ಸಾವಿರ ಎಣಿಸಿ ಕೊಟ್ಟರು. ರಸೀದಿ ಅಂತ ಕೊಟ್ಟ ಚೀಟಿಯಲ್ಲಿ ಕೈಯಲ್ಲಿ ಬರೆದ ಎರಡೇ ಪದ, "ಫೈಲ್ ಚಾರ್ಜ್". ಜಿಎಸ್‌ಟಿ ನಂಬರ್ ಇರಲಿಲ್ಲ. ನಾನು ಆಗ ಅದನ್ನು ನೋಡಲೂ ಇಲ್ಲ.

ಆಮೇಲೆ ಒಂದೊಂದೇ ಶುರುವಾಯಿತು. ಭಾರತದ ವಿದ್ಯಾರ್ಥಿಗಳು ಜರ್ಮನಿಯ ವೀಸಾಕ್ಕೆ ಎಪಿಎಸ್ ಪ್ರಮಾಣಪತ್ರ (ನಮ್ಮ ಅಂಕಪಟ್ಟಿ, ಡಿಗ್ರಿ ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ) ಕೊಡಬೇಕು, 2022ರ ನವೆಂಬರ್‌ನಿಂದ ಈ ನಿಯಮ ಇದೆ. ಅದರ ಶುಲ್ಕ 18,000 ರೂಪಾಯಿ. ನನ್ನ ಹತ್ತಿರ ತೆಗೆದುಕೊಂಡಿದ್ದು 35,000. ಯೂನಿ-ಅಸಿಸ್ಟ್ (ಜರ್ಮನಿಯ ಹಲವು ವಿಶ್ವವಿದ್ಯಾಲಯಗಳ ಪರವಾಗಿ ವಿದೇಶಿ ಅರ್ಜಿ ಪರಿಶೀಲಿಸುವ ಸಂಸ್ಥೆ) ಮೂಲಕ ಅರ್ಜಿ ಹಾಕುವುದಾದರೆ ಮೊದಲನೆಯದಕ್ಕೆ 75 ಯೂರೊ, ಅದೇ ಸೆಮಿಸ್ಟರಿನ ಮುಂದಿನ ಒಂದೊಂದಕ್ಕೂ 30 ಯೂರೊ. ಇವರು ಪ್ರತಿ ಅರ್ಜಿಗೂ 12 ಸಾವಿರ ಅಂದರು. ಎರಡೂ ಶುಲ್ಕ ಅವರವರ ವೆಬ್‌ಸೈಟ್‌ನಲ್ಲೇ ಬರೆದಿದೆ, ನಾನು ಹುಡುಕಲಿಲ್ಲ.

ದುಡ್ಡಿನ ಮಾತು ಬಿಡಿ. ನನ್ನನ್ನು ನಿಜವಾಗಿ ಕೆಡಿಸಿದ್ದು ಪೋರ್ಟ್‌ಫೋಲಿಯೊ, ಅಂದರೆ ಅರ್ಜಿ ಜೊತೆ ಕಳಿಸುವ ನಮ್ಮ ಕೆಲಸಗಳ ಸಂಗ್ರಹದ ವಿಷಯ.

ಆಲೆಮನೆ ಕೆಲಸದ ವಿಡಿಯೊ, ಸ್ಕೆಚ್ ಪುಸ್ತಕ ಎಲ್ಲ ತೆಗೆದುಕೊಂಡು ಹೋಗಿ ತೋರಿಸಿದೆ. ಅಲ್ಲಿದ್ದ ಮೇಡಂ ಎರಡು ನಿಮಿಷ ನೋಡಿದರು. "ಇದು ತುಂಬಾ ಹಳ್ಳಿ ಥರ ಕಾಣುತ್ತೆ ಮಾ, ನಮ್ಮ ಡಿಸೈನರ್ ಹತ್ರ ಪ್ರೊಫೆಷನಲ್ ಆಗಿ ಮಾಡಿಸ್ತೀವಿ" ಅಂದರು. ಅದಕ್ಕೆ ಇನ್ನೊಂದು 25 ಸಾವಿರ. ಹದಿನೈದು ದಿನ ಬಿಟ್ಟು 20 ಪುಟದ ಪಿಡಿಎಫ್ ಬಂತು. ಊಟ ತರಿಸುವ ಆ್ಯಪ್‌ನ ಸ್ಕ್ರೀನ್‌ಗಳು, ಯಾವುದೋ ಕಾಫಿ ಅಂಗಡಿಯ ಲೋಗೊ. ಎಲ್ಲಾ ಫಳಫಳ. ಒಂದೂ ನನ್ನದಲ್ಲ. ಕೇಳಿದರೆ "ಎಲ್ರೂ ಹಿಂಗೇ ಹಾಕೋದು" ಅಂದರು. ನಾನು ಸುಮ್ನೆ ಒಪ್ಪಿಕೊಂಡೆ. ಆ ತಪ್ಪು ನನ್ನದೇ.

ಒಂದು ಸರ್ಕಾರಿ ವಿಶ್ವವಿದ್ಯಾಲಯದಿಂದ ವಿಡಿಯೊ ಇಂಟರ್‌ವ್ಯೂಗೆ ಕರೆ ಬಂತು. ಮೂರು ಜನ ಕೂತಿದ್ದರು. ಆರನೇ ಪುಟ ತೆರೆದು, "ಈ ಬಟನ್ ಇಲ್ಲೇ ಯಾಕೆ ಇಟ್ಟಿರಿ? ಯಾರ ಕೈಗೆ ಕೊಟ್ಟು ನೋಡಿದಿರಿ? ಮೊದಲು ಹೇಗಿತ್ತು?" ಅಂತ ಕೇಳಿದರು. ನನ್ನ ಬಾಯಿ ಒಣಗಿತು. ಏನೋ ತೊದಲಿದೆ. ಕೊನೆಗೆ ಅವರಲ್ಲೊಬ್ಬರು ನನ್ನ ಬಯೋಡೇಟಾದಲ್ಲಿ ಉಳಿದುಹೋಗಿದ್ದ ಒಂದು ಸಾಲು ಓದಿ, ಈ ಬೆಲ್ಲದ ಕೆಲಸ ಏನು ಅಂತ ಕೇಳಿದರು. ಹೇಳಿದೆ. ಪಾತ್ರೆ, ಸೆನ್ಸರ್, ಮೂರು ಸಲ ಕೈಕೊಟ್ಟ ವೈರಿಂಗು, ಅಜ್ಜಿ ಆಡಿದ ಮಾತು, ಎಲ್ಲ. ಅವರು ಮುಂದಕ್ಕೆ ಬಾಗಿ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಇದು ಪೋರ್ಟ್‌ಫೋಲಿಯೊದಲ್ಲಿ ಯಾಕಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸೀಟೂ ಸಿಗಲಿಲ್ಲ. ಆ ಆ್ಯಪ್‌ನ ಚಿತ್ರಗಳು ಪುಕ್ಕಟೆ ಸಿಗುವ ಟೆಂಪ್ಲೇಟ್ ಅಂತ ಆಮೇಲೆ ಗೊತ್ತಾಯಿತು. ಚಿತ್ರ ಹಾಕಿ ಗೂಗಲ್‌ನಲ್ಲಿ ಹುಡುಕಿದರೆ ಒಂದೇ ನಿಮಿಷಕ್ಕೆ ಸಿಕ್ಕಿತು.

ಇನ್ನೊಂದು ಮಾತು, ಇದನ್ನು ಖಂಡಿತ ಮರೆಯಬೇಡಿ. ಅರ್ಜಿಗೆ ಅಂತ ಕನ್ಸಲ್ಟೆನ್ಸಿಯವರೇ ನನ್ನ ಹೆಸರಲ್ಲಿ ಹೊಸ ಜಿಮೇಲ್ ಮಾಡಿದ್ದರು. ಪಾಸ್‌ವರ್ಡ್ ಅವರ ಹತ್ತಿರ. ಜಗಳ ಮಾಡಿ ಈಸಿಕೊಂಡು ತೆರೆದು ನೋಡಿದರೆ ಇನ್ನೊಂದು ವಿಶ್ವವಿದ್ಯಾಲಯದ ಮೇಲ್ ಇತ್ತು. ಒಂದು ವಿಷಯ ಕೊಟ್ಟು, ಅದರ ಮೇಲೆ ಕೆಲಸ ಮಾಡಿ ಹತ್ತು ದಿನದಲ್ಲಿ ಕಳಿಸಿ ಅಂದಿದ್ದರು. ಗಡುವು ಮುಗಿದು ಆರು ವಾರ ಆಗಿತ್ತು. ಯಾರೂ ನನಗೆ ಹೇಳಿರಲಿಲ್ಲ. ಅದೇ ಹೊತ್ತಿಗೆ ಒಂದು ಖಾಸಗಿ ವಿಶ್ವವಿದ್ಯಾಲಯದ ಆಫರ್ ಲೆಟರ್ ತೋರಿಸಿ, ಈ ವಾರವೇ ಡೆಪಾಸಿಟ್ ಕಟ್ಟಿ ಅಂತ ದಿನಾ ಫೋನ್ ಮಾಡುತ್ತಿದ್ದರು. ವಿದ್ಯಾರ್ಥಿಯನ್ನು ಸೇರಿಸಿಕೊಟ್ಟ ಏಜೆಂಟಿಗೆ ಖಾಸಗಿಯವರು ಕಮಿಷನ್ ಕೊಡುವುದುಂಟು, ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಿಂದ ಸಾಮಾನ್ಯವಾಗಿ ಅದು ಸಿಗಲ್ಲ. ಯಾವ ಮೇಲ್ ನನ್ನ ತನಕ ಬಂತು, ಯಾವುದು ಬರಲಿಲ್ಲ ಅನ್ನೋದು ಆಗ ಅರ್ಥವಾಯಿತು.

"ಇಲ್ಲಿ ಓದೋದು ವೇಸ್ಟ್" ಅಂತ ಕನ್ಸಲ್ಟೆನ್ಸಿಯವರು ಅಂದಿದ್ದಕ್ಕೆ ಸೀಡ್ ಪರೀಕ್ಷೆಯನ್ನೂ ಬಿಟ್ಟಿದ್ದೆ. ನಮ್ಮ ದೇಶದಲ್ಲೇ ಡಿಸೈನ್ ಮಾಸ್ಟರ್ಸ್ ಸೇರೋದಕ್ಕೆ ಐಐಟಿ ಬಾಂಬೆ ನಡೆಸುವ ಪ್ರವೇಶ ಪರೀಕ್ಷೆ (CEED) ಅದು. ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್, ನವೆಂಬರ್ ಹೊತ್ತಿಗೆ, ಪರೀಕ್ಷೆ ಜನವರಿಯಲ್ಲಿ. ಆ ಅಂಕ ಒಂದು ವರ್ಷ ನಡೆಯುತ್ತೆ. ಅಂಕ ಬಂದ ಮೇಲೂ ಒಂದೊಂದು ಸಂಸ್ಥೆಗೂ ಬೇರೆಬೇರೆ ಅರ್ಜಿ ಹಾಕಬೇಕು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ನಮಗೆ ಹತ್ತಿರದ ಬೆಂಗಳೂರಿನ ಐಐಎಸ್‌ಸಿಯಲ್ಲೂ (ಭಾರತೀಯ ವಿಜ್ಞಾನ ಸಂಸ್ಥೆ) ಎಂ.ಡಿಸೈನ್, ಅಂದರೆ ಡಿಸೈನ್ ಮಾಸ್ಟರ್ಸ್ ಇದೆ. ಎನ್‌ಐಡಿಯದ್ದು (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಬೇರೆ ಪರೀಕ್ಷೆ, ಅವರದೂ ಬೆಂಗಳೂರಲ್ಲಿ ಕ್ಯಾಂಪಸ್ ಇದೆ. ನ್ಯೂ ಮೀಡಿಯಾ ಡಿಸೈನ್ ಬೇಕು ಅಂದರೆ ಅವರ ಗಾಂಧಿನಗರ ಕ್ಯಾಂಪಸ್ ನೋಡಿ.

ಏಜೆಂಟ್ ಬೇಕೇ ಬೇಕು ಅನ್ನಿಸಿದರೆ ಇಷ್ಟಾದರೂ ಮಾಡಿ. ಮೇಲ್ ಐಡಿ, ಪಾಸ್‌ವರ್ಡ್, ಓಟಿಪಿ ಹೋಗುವ ಮೊಬೈಲ್ ನಂಬರ್ ನಿಮ್ಮದೇ ಇರಲಿ. ಎಲ್ಲಿಗೆಲ್ಲ ಅರ್ಜಿ ಹಾಕುತ್ತಾರೆ, ದುಡ್ಡು ಯಾವಾಗ ವಾಪಸ್ ಕೊಡುತ್ತಾರೆ ಅಂತ ಬರೆಸಿಕೊಳ್ಳಿ. ಪೋರ್ಟ್‌ಫೋಲಿಯೊದ ಒಂದು ಪುಟವನ್ನೂ ಅವರ ಕೈಲಿ ಮಾಡಿಸಬೇಡಿ. ಕೆಲಸ ಒರಟಾಗಿದ್ದರೂ ಪರವಾಗಿಲ್ಲ. ಕೆಟ್ಟುಹೋದ ಮೊದಲ ಸ್ಕೆಚ್ಚು, ಅರ್ಧಕ್ಕೆ ಬಿಟ್ಟ ಪ್ರಯತ್ನ ಅದೂ ಇರಲಿ. ಇಂಟರ್‌ವ್ಯೂನಲ್ಲಿ ಅವರು ಕೇಳೋದೇ ಅದನ್ನ.

ನನ್ನ ಹಾಗೆ ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ವಾಟ್ಸಾಪ್ ಮಾತುಕತೆ, ಯುಪಿಐ ರಸೀದಿ ಯಾವುದನ್ನೂ ಅಳಿಸಬೇಡಿ. 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರನ್ನೇ ಇಡಬೇಕು ಅಂತಲೂ ಇಲ್ಲ.

ನಾನು ದೂರಿಗೆ ಮುಂಚೆ ಕೊಡುವ ನೋಟಿಸನ್ನು ಹೋದ ವಾರ ಸ್ಪೀಡ್ ಪೋಸ್ಟಲ್ಲಿ ಕಳಿಸಿದ್ದೇನೆ. ಅಂಚೆ ಕಚೇರಿಗೆ ಅಪ್ಪನೂ ಬಂದಿದ್ದರು. "ದುಡ್ಡು ಬತ್ತದೋ ಇಲ್ವೋ, ಆ ಪಾತ್ರೆ ಎಲ್ಲಿಟ್ಟಿದ್ದೀಯವ್ವ?" ಅಂದರು. ಅಟ್ಟದ ಮೇಲಿತ್ತು. ಕೆಳಗಿಳಿಸಿದ್ದೇನೆ, ಸೆನ್ಸರ್ ಒಂದು ಹೊಸದು ಹಾಕಬೇಕು.