ಹಳೆ ಬೆಂಜ್ ಡೀಸೆಲ್‌ಗೆ ಟರ್ಬೊ ಹಾಕಿಸಿದೆ: ದುಡ್ಡು ಹೋಗುವುದು ಟರ್ಬೊಗಲ್ಲ

ಮೊದಲೇ ಹೇಳಿಬಿಡುತ್ತೇನೆ. ಕಾರು ಈಗ ಎಳೆಯುತ್ತದೆ, ಚೆನ್ನಾಗಿಯೇ ಎಳೆಯುತ್ತದೆ. ಆದರೆ "ಒಂದು ಟರ್ಬೊ ತಂದು ಕೂರಿಸಿದರೆ ಆಯ್ತು ಸಾರ್, 40 ಸಾವಿರದಲ್ಲಿ ಮುಗಿಸಿಕೊಡ್ತೀವಿ" ಅಂತ ಯಾರಾದರೂ ಹೇಳಿದರೆ ಅವರ ಗ್ಯಾರೇಜಿಗೆ ಗಾಡಿ ಬಿಡಬೇಡಿ. ಈ ಲೆಕ್ಕದಲ್ಲಿ ಟರ್ಬೊ (ಎಕ್ಸಾಸ್ಟ್ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಪಂಪು) ಅಗ್ಗದ ಸಾಮಾನು. ದುಡ್ಡು ತಿನ್ನುವುದು ಅದರ ಸುತ್ತ ಮಾಡಿಸಬೇಕಾದ ಕೆಲಸ.

ಕಾರು ಮರ್ಸಿಡಿಸ್ ಇ250 ಡೀಸೆಲ್, ಕಂಪನಿಯ ಮಾದರಿ ಸಂಕೇತ ಡಬ್ಲ್ಯು124. 1995ರಿಂದ ಪುಣೆಯಲ್ಲಿ ಜೋಡಿಸಿ ಮಾರಿದ ಚೌಕ ಮೈಯ ಬೆಂಜ್. ಒಂದೇ ವೈಪರ್, ಬೇಕೆಂದರೆ 90 ಡಿಗ್ರಿ ನೆಟ್ಟಗೆ ನಿಲ್ಲುವ ಬಾನೆಟ್. (ಮೆಕ್ಯಾನಿಕ್‌ಗಳಿಗೆ ಈ ಬಾನೆಟ್ ಅಂದರೆ ಪ್ರಾಣ.) ಎಂಜಿನ್ ಓಎಂ605: 2.5 ಲೀಟರ್, 5 ಸಿಲಿಂಡರ್, 20 ವಾಲ್ವ್, 113 ಎಚ್‌ಪಿ. ಗಟ್ಟಿ ಎಂಜಿನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತಿರ ಹತ್ತಿರ 1,400 ಕಿಲೊ ತೂಕದ ಗಾಡಿಯಲ್ಲಿ ಎಸಿ ಹಾಕಿಕೊಂಡು ನಾಲ್ಕು ಜನ ಕೂತರೆ ಅದರ ಉಸಿರು ಸಾಲುವುದಿಲ್ಲ.

ಬೆಂಗಳೂರಿನಲ್ಲಿ ಇನ್ನೂ ಕಷ್ಟ. ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಶೇ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಸುತ್ತಲಿನ ಗಾಳಿಯನ್ನಷ್ಟೇ ಎಳೆದುಕೊಳ್ಳಬಲ್ಲದು, ಹಾಗಾಗಿ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಇದೇ ಕಾರು ಮಂಗಳೂರಿನಲ್ಲಿ ಸ್ವಲ್ಪ ಚುರುಕಾಗಿ ಓಡುತ್ತದೆ ಅಂತ ನಾನು ಮೊದಲಿಂದ ಹೇಳುತ್ತಿದ್ದೆ, ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ.

ಇನ್ನೊಂದು ವಿಷಯ. ಕಂಪನಿಯವರೇ ಇದೇ ಓಎಂ605ಕ್ಕೆ ಟರ್ಬೊ ಹಾಕಿ 1995ರಲ್ಲಿ ಸಿ250 ಟರ್ಬೊ ಡೀಸೆಲ್ ಮಾಡಿದ್ದರು. 150 ಎಚ್‌ಪಿ, 280 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ನನ್ನ ಗಾಡಿಯ ಟಾರ್ಕ್ 170ರ ಆಸುಪಾಸು. ಅಂದರೆ ಇದು ಹುಚ್ಚು ಸಾಹಸ ಏನಲ್ಲ. ಆದರೆ ಕಂಪನಿ ಎಂಜಿನ್ ಒಳಗೂ ಕೈಯಾಡಿಸಿರುತ್ತದೆ ಅನ್ನುವುದನ್ನು ಮರೆಯಬಾರದು. ಟರ್ಬೊ ಡೀಸೆಲ್‌ಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್ ತಳಕ್ಕೆ ಆಯಿಲ್ ಚಿಮ್ಮಿಸಿ ತಣ್ಣಗಿಡುವ ಜೆಟ್‌ಗಳಿರುತ್ತವೆ. ನಾವು ಹೊರಗಿನಿಂದ ಟರ್ಬೊ ತೂಗುಹಾಕಿದರೆ ಆ ಭಾಗ್ಯ ಇಲ್ಲ. ಅದಕ್ಕೇ ಬೂಸ್ಟ್ (ಟರ್ಬೊ ಗಾಳಿ ತುರುಕುವ ಒತ್ತಡ) ಕಡಿಮೆ ಇಟ್ಟುಕೊಳ್ಳಬೇಕು.

ಈಗ ಗ್ಯಾರೇಜ್ ವಿಷಯ. ಹೆಸರು ಹಾಕುವುದಿಲ್ಲ. ಬೆಂಗಳೂರಿನದೇ, ಹಳೆ ಜರ್ಮನ್ ಗಾಡಿಗಳನ್ನೇ ಹೆಚ್ಚಾಗಿ ಮಾಡುವವರು. ಅವರ ಬಗ್ಗೆ ನನಗೆ ಹಿಡಿಸಿದ್ದು ಮೊದಲನೇ ಮಾತು: "ಫಸ್ಟ್ ಕಂಪ್ರೆಷನ್ ನೋಡೋಣ ಸಾರ್. ಅದು ಸರಿ ಇಲ್ಲಾಂದ್ರೆ ಟರ್ಬೊ ಮಾತೇ ಬೇಡ." ಐದೂ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಅದುಮುತ್ತವೆ ಅಂತ ಅಳೆದು ಬರೆದುಕೊಟ್ಟರು. ರೇಡಿಯೇಟರ್ ಬಿಚ್ಚಿ ತೊಳೆಸಿದರು, ಹಳೆ ಹೋಸ್ ಪೈಪ್ ಎಲ್ಲ ಬದಲಾಯಿಸಿದರು. ಇದಾದ ಮೇಲೇ ಟರ್ಬೊ ಆರಿಸಲು ಕೂತಿದ್ದು.

ಶಿವಾಜಿನಗರದ ಗುಜರಿಯಲ್ಲಿ ಹಳೆ ಟರ್ಬೊ ಸಿಗುತ್ತವೆ, ಅಗ್ಗಕ್ಕೂ ಸಿಗುತ್ತವೆ. ಬೇಡ ಅಂದೆ. ಈ ಸಾಮಾನಿನ ಶಾಫ್ಟ್ ನಿಮಿಷಕ್ಕೆ 1 ಲಕ್ಷಕ್ಕಿಂತ ಜಾಸ್ತಿ ಸುತ್ತು ತಿರುಗುತ್ತದೆ, ಅದೂ ಬರೀ ಆಯಿಲ್ ಪದರದ ಮೇಲೆ ತೇಲಿಕೊಂಡು. ಅಂಥದ್ದನ್ನು ಯಾರೋ ಬಳಸಿ ಬಿಸಾಡಿದ್ದು ತಂದು ಹಾಕುವ ಧೈರ್ಯ ನನಗಿಲ್ಲ. ಇಲ್ಲಿನ 2.5 ಲೀಟರ್ ಆಸುಪಾಸಿನ ಎಸ್‌ಯುವಿಗಳಿಗೆ ಬರುವ ಹೊಸ ಟರ್ಬೊ ತರಿಸಿದೆವು, ಒತ್ತಡ ಮಿತಿ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಸಾದಾ ವೇಸ್ಟ್‌ಗೇಟ್ ಇರುವುದು. ಬ್ಲೇಡ್ ಕೋನ ಬದಲಾಗುವ ವಿಜಿಟಿ ತಗೊಂಡರೆ ಅದನ್ನು ಆಡಿಸಲು ಬೇರೆ ಕಂಟ್ರೋಲರ್ ಬೇಕು, ಸುಮ್ನೆ ತಲೆನೋವು.

ನಿಜವಾದ ಕಷ್ಟ ಶುರುವಾಗಿದ್ದು ಜಾಗದ್ದು. ಈ ಎಂಜಿನ್‌ನಲ್ಲಿ ಎಕ್ಸಾಸ್ಟ್ ಬಲಗಡೆಗೆ. ನಮ್ಮ ಬಲಗಡೆ ಸ್ಟಿಯರಿಂಗ್ ಗಾಡಿಯಲ್ಲಿ ಸ್ಟಿಯರಿಂಗ್ ಬಾಕ್ಸ್ ಕೂಡ ಅಲ್ಲೇ. ಟರ್ಬೊ ಎಲ್ಲಿ ಕೂರಬೇಕು? ಪೀಣ್ಯದಲ್ಲಿ ಲೇತ್ ಕೆಲಸದವರ ಹತ್ತಿರ ದಪ್ಪ ಪೈಪಿನಲ್ಲಿ ಹೊಸ ಮ್ಯಾನಿಫೋಲ್ಡ್ (ಎಲ್ಲ ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆ) ಮಾಡಿಸಿ, ಟರ್ಬೊವನ್ನು ಮುಂದಕ್ಕೆ, ಸ್ವಲ್ಪ ಮೇಲಕ್ಕೆ ಎತ್ತಿ ಕೂರಿಸಿದರು. ಮಧ್ಯೆ ಶಾಖ ತಡೆಯುವ ತಗಡು. ಕಾಸ್ಟಿಂಗ್ ಅಲ್ಲ, ವೆಲ್ಡಿಂಗ್. ಬಿಸಿಗೆ ಹಿಗ್ಗಿ ಕುಗ್ಗಿ ಮುಂದೊಂದು ದಿನ ಕೀಲು ಸೀಳಬಹುದು ಅಂತ ಅವರೇ ಹೇಳಿದರು. ಹೇಳಿದ್ದಕ್ಕೆ ಮೆಚ್ಚುಗೆ. ಆದರೆ ಈ ಮಾತು ಹೊರಗೆ ಬಂದಿದ್ದು ಮ್ಯಾನಿಫೋಲ್ಡ್ ರೆಡಿ ಆದ ಮೇಲೆ, ಅಡ್ವಾನ್ಸ್ ತಗೊಳ್ಳುವಾಗ ಅಲ್ಲ!

ಇಷ್ಟೆಲ್ಲ ಮಾಡಿದವರು ಆಯಿಲ್ ವಾಪಸ್ ಬರುವ ಪೈಪಿನಲ್ಲಿ ಎಡವಿದರು. ಟರ್ಬೊಗೆ ಆಯಿಲ್ ಒತ್ತಡದಲ್ಲಿ ಹೋಗುತ್ತದೆ, ವಾಪಸ್ ಬರುವುದು ಮಾತ್ರ ತನ್ನ ಭಾರಕ್ಕೆ ತಾನೇ ಇಳಿದು. ಅದೂ ಬೈಟು ಕಾಫಿ ಥರ ನೊರೆ ನೊರೆಯಾಗಿ. ಹಾಗಾಗಿ ಆ ಪೈಪ್ ದಪ್ಪ ಇರಬೇಕು, ನೆಟ್ಟಗೆ ಕೆಳಗೆ ಇಳಿಯಬೇಕು, ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿ (ಸಂಪ್) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಇವರು ಸ್ಟಿಯರಿಂಗ್ ಬಾಕ್ಸ್ ತಪ್ಪಿಸಲು ಹೋಗಿ ಪೈಪನ್ನು ಒಂದು ಕಡೆ ಹೆಚ್ಚುಕಡಿಮೆ ಮಟ್ಟಸವಾಗಿ ಬಗ್ಗಿಸಿದ್ದರು. ಆಯಿಲ್ ಅಲ್ಲಿ ನಿಂತು, ಟರ್ಬೊ ಸೀಲ್ ದಾಟಿ ಎಕ್ಸಾಸ್ಟ್‌ಗೆ ನುಗ್ಗಿತು. ಸಿಗ್ನಲ್‌ನಲ್ಲಿ ನಿಂತರೆ ಸಾಕು, ಹಿಂದೆ ನೀಲಿ ಹೊಗೆ. "ಟರ್ಬೊನೇ ಡಿಫೆಕ್ಟ್ ಸಾರ್, ಕಂಪನಿಗೆ ಕಳಿಸೋಣ" ಅಂದರು. ಹೊಸ ಟರ್ಬೊಗೆ ಹೊಗೆ ಬಂದರೆ ಮೊದಲು ನೋಡಬೇಕಾದ್ದು ಈ ಪೈಪು ಅಂತ ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುತ್ತದೆ, ಅಲ್ವಾ? ಪಟ್ಟು ಹಿಡಿದು ಗಾಡಿ ಲಿಫ್ಟ್ ಮೇಲೆ ಏರಿಸಿ, ಟಾರ್ಚ್ ಬಿಟ್ಟು ನೋಡಿಸಿದೆ. ಪೈಪ್ ಹೊಸದಾಗಿ ಮಾಡಿದ ಮೇಲೆ ಹೊಗೆ ನಿಂತಿತು. ಅದಕ್ಕೆ ಬಿಲ್ಲಿನಲ್ಲಿ ಲೇಬರ್ ಚಾರ್ಜ್ ಬೇರೆ ಹಾಕಿದ್ದರು. ಹೊಡೆದು ಹಾಕಿಸಿದೆ.

ಡೀಸೆಲ್ ಪಂಪ್ ಕೆಲಸಕ್ಕೆ ಮಾತ್ರ ಪೂರ್ತಿ ಅಂಕ. ಡೀಸೆಲ್‌ಗೆ ಬರೀ ಗಾಳಿ ಜಾಸ್ತಿ ಕೊಟ್ಟರೆ ಹೊಗೆ ಕಡಿಮೆ ಆಗುತ್ತದೆ, ಶಕ್ತಿ ಅಷ್ಟಾಗಿ ಬರುವುದಿಲ್ಲ. ಶಕ್ತಿ ಬರಬೇಕಾದರೆ ಡೀಸೆಲ್ಲೂ ಜಾಸ್ತಿ ಹೋಗಬೇಕು. ಇದರಲ್ಲಿರುವುದು ಬಾಷ್‌ನ ಸಾಲು ಪಂಪ್, ಒಂದೊಂದು ಸಿಲಿಂಡರ್‌ಗೂ ಬೇರೆ ಬೇರೆ ಲೈನಿನಲ್ಲಿ ಡೀಸೆಲ್ ಕಳಿಸುವುದು. ಅದನ್ನು ಬಿಚ್ಚಿ ಪಂಪ್ ಅಂಗಡಿಗೆ ಒಯ್ದು, ಟೆಸ್ಟ್ ಬೆಂಚ್ ಮೇಲೆ ಹಾಕಿ, ಐದೂ ಲೈನಿಗೆ ಸಮ ಬರುವ ಹಾಗೆ ಅಳತೆ ಏರಿಸಿದರು. ಒಂದು ಕೊರತೆ ಇದೆ. ಬೂಸ್ಟ್ ನೋಡಿಕೊಂಡು ಡೀಸೆಲ್ ಹೆಚ್ಚು ಕಡಿಮೆ ಮಾಡುವ ಡಬ್ಬಿ ಟರ್ಬೊ ಪಂಪ್‌ಗಳಲ್ಲಿರುತ್ತದೆ, ಇದರಲ್ಲಿಲ್ಲ. ಹಾಗಾಗಿ ಟರ್ಬೊ ಎದ್ದೇಳುವ ಮುಂಚೆ ಕಾಲು ಒತ್ತಿದರೆ ಒಂದು ಬುಗ್ಗೆ ಕಪ್ಪು ಹೊಗೆ ಗ್ಯಾರಂಟಿ. ಹಿಂದೆ ಬೈಕಿನವರು ಇದ್ದಾಗ ನಾಚಿಕೆ ಆಗುತ್ತದೆ. ಎಮಿಷನ್ ಟೆಸ್ಟ್‌ನಲ್ಲಿ ಪಾಸಾಯಿತು. ಹಳೆ ಡೀಸೆಲ್‌ಗಳಿಗೆ ಮಿತಿ 65 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಅಳತೆ), ಸಾಕಷ್ಟು ಸಡಿಲ.

ಬೂಸ್ಟ್ 0.6 ಬಾರ್‌ಗೆ ನಿಲ್ಲಿಸಿದ್ದೇವೆ. ಫೋರ್‌ಮನ್‌ಗೆ 1 ಬಾರ್ ಮಾಡುವ ಆಸೆ. ಗಾಳಿಯನ್ನು ಮೊದಲೇ 22ರಲ್ಲಿ ಒಂದು ಪಾಲಿಗೆ ಅದುಮುವ (ಕಂಪ್ರೆಷನ್ ಅನುಪಾತ 22:1) ಎಂಜಿನ್‌ಗೆ ಅದು ಬೇಡ. ಟರ್ಬೊಗೆ ಮುಂಚೆ ಎಕ್ಸಾಸ್ಟ್‌ನಲ್ಲಿ ಶಾಖ ತೋರಿಸುವ ಮೀಟರ್ ಹಾಕಿಸಿದೆ, ಇದನ್ನು ಯಾರೂ ತಪ್ಪಿಸಬೇಡಿ. 700 ಡಿಗ್ರಿ ಹತ್ತಿರ ಬಂತೆಂದರೆ ಕಾಲು ಎತ್ತುತ್ತೇನೆ. ಟರ್ಬೊದಿಂದ ಬಿಸಿಯಾಗಿ ಬರುವ ಗಾಳಿಯನ್ನು ತಣಿಸುವ ಸಣ್ಣ ಇಂಟರ್‌ಕೂಲರ್ ಮುಂದೆ ಇದೆ. ಎಸಿ ಕಂಡೆನ್ಸರ್‌ಗೆ ಸ್ವಲ್ಪ ಅಡ್ಡ ಬಂದು ಟ್ರಾಫಿಕ್‌ನಲ್ಲಿ ತಂಪು ಒಂಚೂರು ಕಡಿಮೆಯಾಗಿದೆ.

ಓಡಿಸಿದರೆ ಹೇಗೆ? ಶಿರಾಡಿ ಘಾಟ್‌ಗೇ ಹೋಗಿ ನೋಡಿದೆ. ಅಡ್ಡಹೊಳೆಯಿಂದ ಮಾರನಹಳ್ಳಿ ಕಡೆಗೆ ಏರುವಾಗ ಮುಂದೆ ಟ್ಯಾಂಕರ್ ಸಿಕ್ಕರೆ ಮೊದಲು ಎರಡನೇ ಗೇರ್‌ಗೆ ಇಳಿಸಿ, ಎಸಿ ಆರಿಸಿ, ದೇವರ ಹೆಸರು ಹೇಳಿ ಓವರ್‌ಟೇಕ್‌ಗೆ ಹೋಗಬೇಕಿತ್ತು. ಈಗ ಮೂರನೇ ಗೇರ್‌ನಲ್ಲೇ, 2,000 ಆರ್‌ಪಿಎಂ ದಾಟುತ್ತಿದ್ದ ಹಾಗೆ ಬೆನ್ನಿಗೆ ಮೆತ್ತಗೆ ಒಂದು ತಳ್ಳು ಬಂದು, ಗಾಡಿ ಮುಂದೆ ಹೋಗಿಬಿಡುತ್ತದೆ. ಎಸಿ ಆನ್ ಇರುವಾಗಲೇ. ಸದ್ದು ಜಾಸ್ತಿ ಏನಾಗಿಲ್ಲ, ಕಿಟಕಿ ಇಳಿಸಿದರೆ ಸಣ್ಣ ಸಿಳ್ಳೆ. 2,000ಕ್ಕಿಂತ ಕೆಳಗೆ ಮಾತ್ರ ಹಳೇ ಗಾಡಿಯೇ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಮೈಲೇಜ್ ಹೈವೇಯಲ್ಲಿ ಮೊದಲಿನಷ್ಟೇ, ಕಾಲು ಭಾರ ಆದರೆ ಕಡಿಮೆ. ಐದನೇ ಗೇರ್‌ನಲ್ಲಿ ಪೂರ್ತಿ ಒತ್ತಿದರೆ ಹಳೆ ಕ್ಲಚ್ ಜಾರುತ್ತಿದೆ, ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಅದು ಮುಂದಿನ ಖರ್ಚು.

"150 ಎಚ್‌ಪಿ ಬಂದಿದೆ ಸಾರ್" ಅನ್ನುತ್ತಾರೆ. ಶಕ್ತಿ ಅಳೆದ ಡೈನೊ ಶೀಟ್ ಕೇಳಿದರೆ ನಗುತ್ತಾರೆ. ನನ್ನ ಅಂದಾಜು ಅದಕ್ಕಿಂತ ಕಡಿಮೆ.

ಎಲ್ಲ ಸೇರಿ ಖರ್ಚು 2 ಲಕ್ಷ ದಾಟಿತು. ಟರ್ಬೊ ಅದರಲ್ಲಿ ಕಾಲು ಭಾಗವೂ ಅಲ್ಲ. "ಮುಂದಿನ ವಾರ" ಅಂದಿದ್ದು ತಿಂಗಳುಗಳಾಯಿತು, ಫೋನ್ ಮಾಡಿದರೆ ಎತ್ತುವುದು ಅಪರೂಪ.

ಕಾನೂನಿನ ಪ್ರಶ್ನೆ ಕೇಳಿದ್ದಕ್ಕೆ "ಎಂಜಿನ್ ನಂಬರ್ ಅದೇ ಇರುತ್ತಲ್ಲ, ಯಾರಿಗೆ ಗೊತ್ತಾಗತ್ತೆ" ಅಂದರು. ಇದು ಉತ್ತರ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿದೆ. ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ 6 ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ದಂಡಕ್ಕಿಂತ ನನಗೆ ಭಯ ಇನ್ಶೂರೆನ್ಸ್‌ದು. ಅಪಘಾತ ಆದ ದಿನ ಸರ್ವೇಯರ್ ಬಾನೆಟ್ ಎತ್ತಿದರೆ ಮುಗೀತು. ನಾನು ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿದ್ದೇನೆ, ಆರ್‌ಟಿಒಗೂ ಅರ್ಜಿ ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ನೀವು ಕೈಹಾಕುವ ಮುಂಚೆಯೇ ಕೇಳಿ. 15 ವರ್ಷ ದಾಟಿದ ಗಾಡಿಗೆ ಹೇಗೂ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಅವರ ಮುಂದೆ ಹೋಗಿ ನಿಲ್ಲಲೇಬೇಕು.

ಮತ್ತೆ ಈ ಗ್ಯಾರೇಜಿಗೇ ಹೋಗುತ್ತೇನಾ? ಮೆಕ್ಯಾನಿಕಲ್ ಕೆಲಸಕ್ಕೆ ಹೌದು, ಎಲ್ಲ ಬರೆಸಿಕೊಂಡು, ಅಡ್ವಾನ್ಸ್ ಕಡಿಮೆ ಕೊಟ್ಟು. ಐದಕ್ಕೆ ಮೂರೂವರೆ. ಪೆಟ್ರೋಲ್ ಇ220 ಇರುವವರು ಮಾತ್ರ ಇದನ್ನು ಓದಿ ಹೊರಡಬೇಡಿ. ಅದರಲ್ಲಿ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ಆಗದ ಹಾಗೆ ಇಗ್ನಿಷನ್ ಟೈಮಿಂಗ್, ಎಂಜಿನ್ ಕಂಪ್ಯೂಟರ್ (ಇಸಿಯು) ಎಲ್ಲ ಹೊಸದಾಗಿ ಹೊಂದಿಸಬೇಕು, ತಪ್ಪಿದರೆ ಪಿಸ್ಟನ್ನೇ ಹೋಗುತ್ತದೆ. ಆ ಕೆಲಸ ನಾವು ಮುಟ್ಟಲ್ಲ ಅಂತ ಇವರೇ ಹೇಳಿದರು.