ಪುಣೆಯಲ್ಲಿ ಸನ್‌ರೂಮ್: ಪಾಲಿಕಾರ್ಬೊನೇಟ್, ಗಾಜು, ಪಫ್ – ಮೂರರ ಕೆಳಗೂ ಕೂತು ನೋಡಿದ ಮೇಲೆ

ಹಿತ್ತಲಿನ ಕಡೆ ಬಿಸಿಲು, ಬೆಳಕು ಬರುವ ಹಾಗೆ ಮುಚ್ಚಿದ ಕೋಣೆ, ಅಂದರೆ ಒಂದು ಸನ್‌ರೂಮ್ ಕಟ್ಟಿಸಬೇಕು, ಚಾವಣಿಗೆ ಏನು ಹಾಕಿಸಲಿ ಅಂತ ಇಲ್ಲಿನ ಕನ್ನಡದ ಗೆಳೆಯರು ಆಗಾಗ ಕೇಳುತ್ತಾರೆ. ಈ ವಿಷಯದಲ್ಲಿ ನನಗೆ ಖಚಿತ ಅಭಿಪ್ರಾಯ ಇದೆ. ಸಿಂಹಗಡ ರಸ್ತೆಯ ಕಡೆ ಇರುವ ನಮ್ಮ ರೋಹೌಸಿನ ಹಿಂದೆ ಸುಮಾರು 140 ಚದರ ಅಡಿ ಸಿಟ್‌ಔಟ್ ಇದೆ. ಹಳೆಯ ಮಾಲೀಕರು ಅದಕ್ಕೆ ಪಾಲಿಕಾರ್ಬೊನೇಟ್ ಶೀಟ್, ಅಂದರೆ ಬೆಳಕು ಬಿಡುವ ಗಟ್ಟಿ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಅದರ ಕೆಳಗೆ ಕೆಲವು ವರ್ಷ ಇದ್ದೆವು. ಬಾಣೇರಿನಲ್ಲಿರುವ ಅಕ್ಕನ ಟೆರೇಸಿನಲ್ಲಿ ಪೂರ್ತಿ ಗಾಜಿನ ಕೋಣೆ ಇದೆ, ಅಲ್ಲೂ ಎಲ್ಲ ಕಾಲದಲ್ಲೂ ಉಳಿದಿದ್ದೇನೆ. ಈಗ ನಮ್ಮ ಮನೆಯಲ್ಲಿ ಪಫ್ ಪ್ಯಾನೆಲ್ (ಎರಡು ತಗಡಿನ ನಡುವೆ ಫೋಮ್ ತುಂಬಿದ ಹಲಗೆ) ಚಾವಣಿ ಬಂದಿದೆ.

ಚಳಿ ದೇಶಗಳಲ್ಲಿ ಮೂರು ಕಾಲದ ಸನ್‌ರೂಮ್ ಅಂದರೆ ಚಳಿಗಾಲ ಬಿಟ್ಟು ಉಳಿದದ್ದಕ್ಕೆ. ಹೀಟರ್ ಇರುವುದಿಲ್ಲ, ಗೋಡೆಗೆ ಇನ್ಸುಲೇಷನ್ ಇರುವುದಿಲ್ಲ, ಹಿಮ ಬೀಳಲು ಶುರುವಾದರೆ ಬಾಗಿಲು ಹಾಕಿಬಿಡುತ್ತಾರೆ. ಆ ಫೋಟೋಗಳನ್ನು ನೋಡಿ ಇಲ್ಲಿ ಕಟ್ಟಿಸಿದರೆ ಲೆಕ್ಕವೇ ತಲೆಕೆಳಗು. ಪುಣೆಯಲ್ಲಿ ನವೆಂಬರ್‌ನಿಂದ ಫೆಬ್ರವರಿ ತನಕ ಇದು ಮನೆಯಲ್ಲೇ ಅತ್ಯಂತ ಒಳ್ಳೆಯ ಜಾಗ. ಮಳೆಗಾಲದಲ್ಲೂ ಹಾಗೆಯೇ. ಕೈಕೊಡುವುದು ಮಾರ್ಚ್ ಕೊನೆಯಿಂದ ಜೂನ್ ಮೊದಲ ಮಳೆಯ ತನಕ, ಅದೂ ಮಧ್ಯಾಹ್ನದ ಹೊತ್ತು.

ಇದಕ್ಕೆ ಕಾರಣ ಸೂರ್ಯನ ದಾರಿ. ಪುಣೆ ಇರುವುದು ಸುಮಾರು 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮಧ್ಯದಲ್ಲಿ ಮಧ್ಯಾಹ್ನ ಸೂರ್ಯ ನೇರ ನೆತ್ತಿಗೇ ಬರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ದಕ್ಷಿಣಕ್ಕೆ ವಾಲಿ, ಮಧ್ಯಾಹ್ನವೂ ಸುಮಾರು 48 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ಅಂದರೆ ನಮಗೆ ಬೇಕಾದ ಚಳಿಗಾಲದ ಬಿಸಿಲು ದಕ್ಷಿಣದ ಪಕ್ಕದಿಂದ ಓರೆಯಾಗಿ ಬರುತ್ತದೆ, ಬೇಡವಾದ ಬೇಸಿಗೆಯ ಬಿಸಿಲು ಚಾವಣಿಯ ಮೇಲೆ ನೇರ ಬೀಳುತ್ತದೆ. ಹಾಗಾಗಿ ಬೆಳಕನ್ನು ಪಕ್ಕದಿಂದ ತಗೊಳ್ಳಿ, ಮೇಲಿನಿಂದ ಬೇಡ. ಇಷ್ಟು ತಲೆಯಲ್ಲಿದ್ದರೆ ಅಂಗಡಿಯವರ ಅರ್ಧ ಮಾತಿಗೆ ಉತ್ತರ ನಿಮ್ಮ ಹತ್ತಿರವೇ ಇರುತ್ತದೆ.

ಈಗ ಪಾಲಿಕಾರ್ಬೊನೇಟ್. ನಮ್ಮದು 10 ಮಿಲಿಮೀಟರ್ ದಪ್ಪದ, ಒಳಗೆ ಟೊಳ್ಳು ಸಾಲುಗಳಿರುವ ಮಲ್ಟಿವಾಲ್ ಶೀಟು. ಇದರ ದೊಡ್ಡ ಗುಣ ಹಗುರ. ಚದರ ಮೀಟರಿಗೆ ಎರಡು ಕಿಲೋ ಕೂಡ ಬರುವುದಿಲ್ಲ. ಕೆಳಗಿನ ಕಬ್ಬಿಣದ ಚೌಕಟ್ಟು ತೆಳ್ಳಗಿದ್ದರೂ ನಡೆಯುತ್ತದೆ, ಖರ್ಚೂ ಮೂರರಲ್ಲಿ ಕಡಿಮೆ. ಬೇಸಿಗೆಯಲ್ಲಿ, ಮಳೆಗಾಲಕ್ಕೆ ಮುಂಚೆ ಬರುವ ಗುಡುಗು ಮಳೆ ಇದೆಯಲ್ಲ, ಮರಾಠಿಯವರು ವಳೀವ್ ಅನ್ನುತ್ತಾರೆ, ಅದರ ಜೊತೆ ಒಮ್ಮೆ ಆಲಿಕಲ್ಲು ಸುರಿದಾಗಲೂ ಶೀಟಿಗೆ ಏನೂ ಆಗಲಿಲ್ಲ. ದೀಪಾವಳಿಯಲ್ಲಿ ಬಂದು ಬಿದ್ದ ರಾಕೆಟ್ ಮಾತ್ರ ಒಂದು ಕಡೆ ಕರಗಿಸಿ ತೂತು ಮಾಡಿತು.

ಆದರೆ ಹಾಕುವ ರೀತಿ ತಿಳಿಯದವರ ಕೈಗೆ ಈ ಶೀಟು ಸಿಕ್ಕರೆ ಕಷ್ಟ. ನಮ್ಮ ಚಾವಣಿಯನ್ನು ಏಣಿ ಹತ್ತಿ ಹತ್ತಿರದಿಂದ ನೋಡಿದಾಗ ಟೊಳ್ಳು ಸಾಲುಗಳ ಉದ್ದಕ್ಕೂ ಹಸಿರು ಗೆರೆ ಎಳೆದ ಹಾಗೆ ಪಾಚಿ ಇತ್ತು. ಒಳಗೆ ಸಣ್ಣ ಇರುವೆಗಳು ಸತ್ತು ಸಾಲಾಗಿ ಬಿದ್ದಿದ್ದವು. ಶೀಟಿನ ತುದಿಗೆ ಟೇಪು ಹಾಕದೆ ಹಾಗೇ ಬಿಟ್ಟಿದ್ದರು. ಸರಿಯಾದ ಕ್ರಮ ಹೀಗೆ: ಸಾಲುಗಳು ಇಳಿಜಾರಿನ ದಿಕ್ಕಿಗೇ ಇರಬೇಕು. ಮೇಲಿನ ತುದಿಗೆ ಗಾಳಿ ಹೋಗದ ಅಲ್ಯುಮಿನಿಯಂ ಟೇಪು, ಕೆಳಗಿನ ತುದಿಗೆ ತೇವ ಹೊರಗೆ ಬಿಡುವ ಸಣ್ಣ ರಂಧ್ರದ ಟೇಪು. ಶೀಟಿನ ಒಂದು ಮೈಗೆ ಮಾತ್ರ ಬಿಸಿಲಿನ ಯುವಿ (ಅತಿನೇರಳೆ) ಕಿರಣ ತಡೆಯುವ ಲೇಪ ಇರುವುದು ಸಾಮಾನ್ಯ, ಆ ಮೈ ಆಕಾಶ ನೋಡಬೇಕು. ತಿರುಗಿಸಿ ಹಾಕಿದರೆ ಬೇಗ ಹಳದಿಯಾಗಿ ಪೆಡಸಾಗುತ್ತದೆ.

ಇನ್ನೊಂದು, ಅದು ಹಿಗ್ಗುತ್ತದೆ. 4 ಮೀಟರ್ ಉದ್ದದ ಶೀಟು 30 ಡಿಗ್ರಿ ಬಿಸಿಯೇರಿದರೆ ಸುಮಾರು 8 ಮಿಲಿಮೀಟರ್ ಉದ್ದವಾಗುತ್ತದೆ. ಸ್ಕ್ರೂ ತೂತು ಸ್ಕ್ರೂಗಿಂತ ದೊಡ್ಡದಿರಬೇಕು, ಮೇಲೆ ಅಗಲ ರಬ್ಬರ್ ವಾಷರ್ ಬರಬೇಕು. ಬಿಗಿಯಾಗಿ ಕುಳ್ಳಿರಿಸಿದರೆ ಸಂಜೆ ತಣ್ಣಗಾಗುವ ಹೊತ್ತಿಗೆ ಟಕ್, ಟಕ್ ಅಂತ ಸದ್ದು ಶುರು. ಒಂದೆರಡು ವರ್ಷಕ್ಕೆ ಸ್ಕ್ರೂ ಸುತ್ತ ಸೀಳು ಬಿಟ್ಟು ಅಲ್ಲಿಂದಲೇ ಸೋರುತ್ತದೆ. ಸಿಲಿಕೋನ್ ಹಚ್ಚುವಾಗಲೂ ನ್ಯೂಟ್ರಲ್ ಮಾದರಿಯದ್ದೇ ಬೇಕು. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಈ ಪ್ಲಾಸ್ಟಿಕ್ಕಿಗೆ ಆಗಿಬರುವುದಿಲ್ಲ.

ಇಷ್ಟೆಲ್ಲ ಸರಿ ಮಾಡಿದರೂ ಎರಡು ತೊಂದರೆ ಉಳಿಯುತ್ತವೆ. ಜೋರು ಮಳೆಯಲ್ಲಿ ಫೋನಿನಲ್ಲಿ ಮಾತಾಡಲು ಆಗುವುದಿಲ್ಲ, ಎದುರಿಗೆ ಕೂತವರ ಜೊತೆಯೂ ಕೂಗಿಯೇ ಮಾತಾಡಬೇಕು. ಏಪ್ರಿಲ್ ಮಧ್ಯಾಹ್ನ ಒಳಗೆ ಧಗೆ. ಮೇಲೆ ಹಸಿರು ಶೇಡ್ ನೆಟ್ ಕಟ್ಟಿದೆವು. ಶೀಟಿಗೆ ತಾಗದ ಹಾಗೆ ಅರ್ಧ ಅಡಿ ಬಿಟ್ಟು ಕಟ್ಟಿದಾಗ ಎದ್ದು ಕಾಣುವಷ್ಟು ಫರಕಾಯಿತು. ಆದರೆ ಪ್ರತಿ ವರ್ಷ ಕಟ್ಟಬೇಕು, ಗಾಳಿ ಮಳೆಗೆ ಮುಂಚೆ ಬಿಚ್ಚಬೇಕು.

ಅಕ್ಕನ ಗಾಜಿನ ಕೋಣೆ ನೋಡಲು ಬಹಳ ಚೆಂದ, ಇದನ್ನು ಒಪ್ಪಲೇಬೇಕು. ಆಷಾಢದ ಮಳೆಯಲ್ಲಿ ತಲೆಯೆತ್ತಿ ನೋಡಿದರೆ ಹನಿ ಬಿದ್ದು ಒಡೆದು ಹರಿಯುವುದು ಕಾಣುತ್ತದೆ. ಡಿಸೆಂಬರ್ ಬೆಳಿಗ್ಗೆ ಅಮ್ಮ ಅಲ್ಲಿಂದ ಏಳುವುದೇ ಇಲ್ಲ. ಧಾರವಾಡದಿಂದ ಬಂದಾಗಲೆಲ್ಲ ಹಪ್ಪಳ, ಸಂಡಿಗೆ ಎಲ್ಲ ಅಲ್ಲೇ ಒಣಗುವುದು. ಕಾಗೆ ಕಾಟ ಇಲ್ಲ, ಧೂಳಿಲ್ಲ.

ಚಾವಣಿಗೆ ಗಾಜು ಹಾಕುವವರು ಒಂದು ಮಾತು ಮರೆಯಬಾರದು. ನೆತ್ತಿಯ ಮೇಲೆ ಬರುವ ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕು, ಅಂದರೆ ಎರಡು ಗಾಜಿನ ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಪದರ. ಬರೀ ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು ಒಡೆದರೆ ಚೂರುಚೂರಾಗಿ ಕೆಳಗೆ ಸುರಿಯುತ್ತದೆ. ಲ್ಯಾಮಿನೇಟೆಡ್ ಒಡೆದರೂ ಚೂರುಗಳು ಪದರಕ್ಕೆ ಅಂಟಿಕೊಂಡೇ ಇರುತ್ತವೆ. ‘ಟಫನ್ಡ್ ಇದೆ, ಟೆನ್ಷನ್ ಬೇಡ’ ಅಂತ ಯಾರಾದರೂ ಅಂದರೆ ಅವರಿಗೆ ಕೆಲಸ ಕೊಡಬೇಡಿ. ಮಕ್ಕಳು ಆಡುವ ಜಾಗ ಅದು, ಅಲ್ವಾ?

ಭಾರವನ್ನೂ ನೋಡಿ. ಗಾಜು ಒಂದು ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ 2.5 ಕಿಲೋ ತೂಗುತ್ತದೆ. ಆರು-ಆರು ಮಿಲಿಮೀಟರಿನ ಜೋಡಿ ಗಾಜಿಗೆ 30 ಕಿಲೋ ಆಯಿತು. ನಮ್ಮ 140 ಚದರ ಅಡಿಗೆ ಲೆಕ್ಕ ಹಾಕಿದರೆ 390 ಕಿಲೋ, ಅದೇ ಜಾಗಕ್ಕೆ ಪಾಲಿಕಾರ್ಬೊನೇಟ್ ಇಪ್ಪತ್ತು ಚಿಲ್ಲರೆ ಕಿಲೋ. ಗಾಜಿಗೆ ಗಟ್ಟಿ ಉಕ್ಕಿನ ಚೌಕಟ್ಟು ಬೇಕು, ಅದರ ತೂಕ ಬೇರೆ. ಟೆರೇಸಿನ ಮೇಲಾದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮುಟ್ಟಬಾರದು.

ಬೇಸಿಗೆಯಲ್ಲಿ? ಏಪ್ರಿಲ್‌ನಲ್ಲಿ ಬೆಳಿಗ್ಗೆ ಹತ್ತಕ್ಕೆಲ್ಲ ಅಲ್ಲಿ ಕೂರಲು ಆಗುವುದಿಲ್ಲ. ಬಿಸಿಲು ಗಾಜು ದಾಟಿ ಒಳಗೆ ಬರುತ್ತದೆ, ನೆಲ ಮತ್ತು ಸೋಫಾ ಕಾದು ಬಿಡುವ ಶಾಖ ಅದೇ ಗಾಜು ದಾಟಿ ಹೊರಗೆ ಹೋಗುವುದಿಲ್ಲ. ಅಕ್ಕ ಒಳಗಡೆ ಬಿಳಿ ಬ್ಲೈಂಡ್ ಹಾಕಿಸಿದ್ದಾಳೆ. ಕಣ್ಣು ಕುಕ್ಕುವುದು ತಪ್ಪಿತು, ಸೆಕೆ ಅಷ್ಟಾಗಿ ಇಳಿಯಲಿಲ್ಲ. ಬಿಸಿಲು ಅಷ್ಟರಲ್ಲಿ ಒಳಗೆ ಬಂದಾಗಿರುತ್ತದೆ. ಎಸಿ ಹಾಕಿದರೆ ಓಡುತ್ತಲೇ ಇರುತ್ತದೆ. ಮಾರ್ಚ್ ಧೂಳು, ಪಾರಿವಾಳದ ಹಿಕ್ಕೆ ಎರಡೂ ಕೆಳಗಿನಿಂದ ಚೆನ್ನಾಗಿ ಕಾಣುತ್ತವೆ. ಅದನ್ನು ತೊಳೆಯಲು ಮೇಲೆ ಹತ್ತುವುದು ಪ್ರತಿ ಸಲವೂ ದೊಡ್ಡ ಕೆಲಸ. ಖರ್ಚಂತೂ ಮೂರರಲ್ಲಿ ತೀರಾ ಜಾಸ್ತಿ.

ನಾವು ಕೊನೆಗೆ ಒಪ್ಪಿದ್ದು 50 ಮಿಲಿಮೀಟರ್ ಪಫ್ ಪ್ಯಾನೆಲ್. ಮೇಲೆ ಕೆಳಗೆ ಬಣ್ಣದ ಉಕ್ಕಿನ ತಗಡು, ನಡುವೆ ಪಾಲಿಯುರೆಥೇನ್ ಫೋಮ್. ಚದರ ಮೀಟರಿಗೆ ಸುಮಾರು 10 ಕಿಲೋ. ಮೇ ತಿಂಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಸ್ಟೂಲ್ ಹತ್ತಿ ಚಾವಣಿಯ ಒಳಮೈ ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಕೈ ಸುಡಲಿಲ್ಲ. ಕಿಟಕಿ ಎಲ್ಲ ತೆಗೆದು ಫ್ಯಾನ್ ಹಾಕಿದರೆ ಓದಲು, ಬರೆಯಲು ಆಗುತ್ತದೆ. ಮಳೆಯ ಸದ್ದು ಕೇಳುತ್ತದೆ, ಆದರೆ ಮಂದ. ಮಳೆ ಬರುವಾಗ ಅಲ್ಲಿ ಕೂತು ಮಾತಾಡುವುದೇ ಈಗ ನಮ್ಮ ಮನೆಯ ಸುಖ.

ಕಳೆದುಕೊಂಡದ್ದು ಬೆಳಕು. ಹಿಂದಿನ ಹಾಲ್ ಕತ್ತಲಾಯಿತು. ಅದಕ್ಕೆ ಗೋಡೆಗೆ ತಾಗಿದ ಕಡೆ ಒಂದೂವರೆ ಅಡಿ ಅಗಲದ ಹಾಲುಬಣ್ಣದ ಪಾಲಿಕಾರ್ಬೊನೇಟ್ ಪಟ್ಟಿ ಬಿಟ್ಟೆವು, ಹಾಲ್‌ನ ಬಾಗಿಲಿನ ಮೇಲಕ್ಕೇ ಬರುವ ಹಾಗೆ. ಶೇಡ್ ನೆಟ್ ಈಗ ಆ ಪಟ್ಟಿಗೆ ಮಾತ್ರ. ಫೋಮ್ ಉರಿಯುವ ವಸ್ತು ಅನ್ನೋದೂ ನೆನಪಿರಲಿ. ಆ ಕೋಣೆಯಲ್ಲಿ ಒಲೆ ಬೇಡ. ಹೊಸ ಚಾವಣಿ ಹಳೆ ಗೋಡೆಗೆ ಸೇರುವ ಜಾಗದಲ್ಲಿ ಬರೀ ಸಿಲಿಕೋನ್ ಬಳಿದು ಹೋಗುತ್ತಾರೆ. ಅಲ್ಲಿ ಗೋಡೆಗೆ ಉದ್ದಕ್ಕೆ ಸಣ್ಣ ತೋಡು ಹೊಡೆಸಿ, ಅಲ್ಯುಮಿನಿಯಂ ಪಟ್ಟಿ ಒಳಗೆ ಕೂರಿಸಿ, ಆಮೇಲೆ ಸೀಲಂಟ್ ಹಾಕಿಸಿ. ಸೋರಿಕೆ ಬಹುಪಾಲು ಈ ಗೆರೆಯಲ್ಲೇ ಶುರುವಾಗುವುದು.

ಪಕ್ಕಗಳ ವಿಷಯ. ಮೊದಲು ನಮ್ಮಲ್ಲಿ ಸುತ್ತಿಡುವ ಪಾರದರ್ಶಕ ಪಿವಿಸಿ ಪರದೆ ಇತ್ತು. ಅಗ್ಗ, ಒಂದೆರಡು ಮಳೆಗಾಲಕ್ಕೆ ಸಾಕು. ಒದ್ದೆ ಇರುವಾಗಲೇ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ, ಬಿಸಿಲಿಗೆ ಪೆಡಸಾಗುತ್ತದೆ. ಈಗ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ) ಸ್ಲೈಡಿಂಗ್ ಕಿಟಕಿ, ಮೂರು ಟ್ರ್ಯಾಕ್, ಒಂದರಲ್ಲಿ ಸೊಳ್ಳೆ ಜಾಲರಿ. ಇದರಲ್ಲಿ ಒಮ್ಮೆಗೆ ಅರ್ಧ ಜಾಗ ಮಾತ್ರ ತೆರೆಯುತ್ತದೆ. ಅಕ್ಕನ ಮನೆಯ ಮಡಚುವ ಅಲ್ಯುಮಿನಿಯಂ ಬಾಗಿಲು ಪೂರ್ತಿ ತೆರೆಯುತ್ತದೆ, ಆದರೆ ಜಾಲರಿ ಕೂರಿಸುವುದು ಕಷ್ಟ. ಮುಸ್ಸಂಜೆ ಪುಣೆಯ ಸೊಳ್ಳೆ ಗೊತ್ತಲ್ಲ, ನಾನು ಜಾಲರಿ ಬಿಡಲಾರೆ. ಸ್ಲೈಡಿಂಗ್ ಕೆಳಚೌಕಟ್ಟಿನಲ್ಲಿ ನೀರು ಹೊರಹೋಗುವ ಸಣ್ಣ ಕಿಂಡಿಗಳಿರುತ್ತವೆ. ಬೇಸಿಗೆಯ ಧೂಳು ಅಲ್ಲಿ ತುಂಬಿರುತ್ತದೆ. ಮಳೆಗೆ ಮುಂಚೆ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ಬಿಡಿಸದಿದ್ದರೆ ನೀರು ಒಳಗೇ ಉಕ್ಕುತ್ತದೆ.

ಪಶ್ಚಿಮದ ಕಡೆಗೆ ಬಿದಿರಿನ ಪರದೆ ತಂದೆವು, ಪೇಟೆಯ ಬುರುಡ್ ಆಳಿಯಿಂದ. ಅದನ್ನು ಕಿಟಕಿಯ ಹೊರಗೆ ಇಳಿಬಿಟ್ಟಿದ್ದೇವೆ. ಬಿಸಿಲನ್ನು ಗಾಜು ಮುಟ್ಟುವ ಮುಂಚೆಯೇ ತಡೆದರೆ ಲಾಭ ಎಷ್ಟು ಅಂತ ಆ ಒಂದು ಪರದೆ ತೋರಿಸಿಕೊಟ್ಟಿತು. ನೆಲಕ್ಕೆ ಶಹಾಬಾದ್ ಕಲ್ಲು. ನಮ್ಮ ಕಲಬುರಗಿ ಕಡೆಯ ಕಲ್ಲು ಪುಣೆಯ ಎಷ್ಟೋ ಹಳೆ ಮನೆಗಳ ಕಾಲಕೆಳಗಿದೆ, ನೋಡಿದರೆ ಖುಷಿಯಾಗುತ್ತದೆ. ಚಳಿಗಾಲದ ಬಿಸಿಲು ಹೀರಿಕೊಂಡು ರಾತ್ರಿ ಊಟದ ಹೊತ್ತಿಗೂ ಕಾಲಿಗೆ ಬೆಚ್ಚಗೆ ಸಿಗುತ್ತದೆ.

ಮುಂಬೈ, ಗೋವಾದವರು ಇದನ್ನು ಹಾಗೇ ನಕಲು ಮಾಡಬೇಡಿ. ಪುಣೆ ಸಹ್ಯಾದ್ರಿಯ ಮರೆಯಲ್ಲಿದೆ, ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ. ಮುಂಬೈಯಲ್ಲಿ 2000 ದಾಟುತ್ತದೆ, ಗೋವಾದಲ್ಲಿ 3000ದ ಹತ್ತಿರ. ಅಲ್ಲಿ ಉಪ್ಪು ಗಾಳಿಗೆ ಸಾದಾ ಕಬ್ಬಿಣ ನಿಲ್ಲುವುದಿಲ್ಲ. ಅಲ್ಯುಮಿನಿಯಂ ಚೌಕಟ್ಟು, 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಬೇಕು. ಗೋವಾದಲ್ಲಿ ನಾನಾದರೆ ಕಡಿದಾದ ಇಳಿಜಾರಿನ ಮಂಗಳೂರು ಹೆಂಚನ್ನೇ ಹಾಕಿಸುತ್ತಿದ್ದೆ.

ಪರವಾನಗಿ ಇಲ್ಲದೆ ಶುರು ಮಾಡಬೇಡಿ. ಚಾವಣಿ ಹಾಕಿ ಸುತ್ತ ಮುಚ್ಚಿದರೆ ಅದು ಎಫ್‌ಎಸ್‌ಐ ಲೆಕ್ಕಕ್ಕೆ, ಅಂದರೆ ನಿಮ್ಮ ಜಾಗದಲ್ಲಿ ಒಟ್ಟು ಎಷ್ಟು ಕಟ್ಟಬಹುದು ಅನ್ನುವ ಮಿತಿಯೊಳಗೆ ಬರಬಹುದು. ಸೊಸೈಟಿಯ ಎನ್‌ಒಸಿ ಒಂದೇ ಸಾಲದು, ಪಾಲಿಕೆಯ ನಿಯಮ ಬಲ್ಲ ಆರ್ಕಿಟೆಕ್ಟ್ ಹತ್ತಿರ ಮೊದಲೇ ಕೇಳಿ. ಕೆಲಸ ಫೆಬ್ರವರಿಯಲ್ಲಿ ಹಿಡಿದರೆ ಮಳೆಗೆ ಮುಂಚೆ ಮುಗಿಯುತ್ತದೆ. ಪೈಪು ಹಿಡಿದು ಚಾವಣಿಯ ಮೇಲೆ ಅರ್ಧ ಗಂಟೆ ನೀರು ಬಿಟ್ಟು ನೋಡಿ, ಆಮೇಲೆ ಕೊನೆಯ ಕಂತು ಕೊಡಿ.

ಗಾಜಿನ ಚಾವಣಿ ಈಗಾಗಲೇ ಹಾಕಿಸಿಕೊಂಡವರು ಸುಮ್ನೆ ಕಿತ್ತುಹಾಕುವುದು ಬೇಡ. ಅಕ್ಕನಿಗೆ ಹೇಳಿದ್ದನ್ನೇ ಹೇಳುತ್ತೇನೆ. ಗಾಜಿನ ಮೇಲೆ ಸ್ವಲ್ಪ ಎತ್ತರದಲ್ಲಿ ಪೂರ್ವ–ಪಶ್ಚಿಮ ಉದ್ದಕ್ಕೆ ಅಲ್ಯುಮಿನಿಯಂ ಪಟ್ಟಿಗಳನ್ನು ಕೂರಿಸಿ. ಮೇಲಂಚು ದಕ್ಷಿಣದ ಕಡೆಗಿರಲಿ, ಓರೆ ಸಮತಲದಿಂದ ಸುಮಾರು 48 ಡಿಗ್ರಿ. 6 ಇಂಚು ಅಗಲದ ಪಟ್ಟಿಗೆ, ಒಂದರ ಮೇಲಂಚಿನಿಂದ ಮುಂದಿನದರ ಮೇಲಂಚಿಗೆ 4 ಇಂಚು ಅಂತರ. ಡಿಸೆಂಬರ್ ಮಧ್ಯಾಹ್ನದ ಬಿಸಿಲು ಪಟ್ಟಿಗಳ ನಡುವೆ ನೇರ ನುಗ್ಗಿ ಒಳಗೆ ಬರುತ್ತದೆ, ಮೇ ತಿಂಗಳಿನದು ಪಟ್ಟಿಗಳ ಬೆನ್ನ ಮೇಲೇ ನಿಲ್ಲುತ್ತದೆ. ಈ ಭಾರವನ್ನೂ ಸೇರಿಸಿ ಎಂಜಿನಿಯರ್ ಹತ್ತಿರ ಒಮ್ಮೆ ಲೆಕ್ಕ ಮಾಡಿಸಿಕೊಳ್ಳಿ.